ಮಳೆಯಲ್ಲಿ ನೆನೆದರೆ ನೆಗಡಿಯೇ?

ಮಗನನ್ನು ಮಳೆಗೆ ಬಿಡಿ, ತಾಯಿ. ನೆಗಡಿ ತರುವುದು ಮಳೆನೀರಲ್ಲ, ವೈರಸ್. ಅದು ಹರಡುವುದು ಸೋಂಕಿತರ ಸೀನು, ಕೆಮ್ಮು, ಕೈಗಳಿಂದ; ಕಿಟಕಿ ಮುಚ್ಚಿ ಮಕ್ಕಳನ್ನು ಒಟ್ಟಿಗೆ ಕೂಡಿಹಾಕಿದರೆ ಅದಕ್ಕೇ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಸುರಿಯುವ ನಿಮ್ಮ ಮಲೆನಾಡಿನಲ್ಲಿ ಮಳೆ ನಿಲ್ಲಲೆಂದು ಕಾದರೆ ಆಟಕ್ಕೆ ದಿನಗಳೆಲ್ಲಿ ಉಳಿದಾವು? ಮೊಮ್ಮಗ ನೆನೆದಾನೆಂಬ ನಿಮ್ಮ ಅತ್ತೆಯವರ ಆತಂಕವೂ ಪೂರ್ತಿ ಸುಳ್ಳಲ್ಲ: ಒದ್ದೆ ಬಟ್ಟೆಯಲ್ಲಿ ಮೈ ಬೇಗ ತಣ್ಣಗಾಗುತ್ತದೆ. ನಡುಕ ಶುರುವಾದೊಡನೆ ಕರೆದು, ತಲೆ ಒರೆಸಿ, ಒಣಬಟ್ಟೆ ಹಾಕಿ. ಆಸ್ತಮಾ ಇದ್ದರೆ ಮೊದಲು ವೈದ್ಯರನ್ನು ಕೇಳಿ. ನಾನು ನಿಜವಾಗಿ ಅಂಜುವುದು ಇಲಿಜ್ವರಕ್ಕೆ, ಸಿಡಿಲಿಗೆ. ಇಲಿಮೂತ್ರ ಬೆರೆತ ನಿಂತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ರೋಗಾಣು ಒಳಹೋಗಬಲ್ಲದು. ಚರಂಡಿ ಉಕ್ಕಿದ ಬೀದಿ ಬೇಡ, ಅಂಗಳವೇ ಸಾಕು. ಗುಡುಗು ಕೇಳಿದರೆ ತಕ್ಷಣ ಒಳಗೆ ಕರೆಯಿರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಕಳಿಸಬೇಡಿ.