ನಿಯಮವು ಪಾತ್ರವಾಗುವ ಬಗೆ: ಆಟದಿಂದ ಹುಟ್ಟಿದ ಒಂದು ಕಾದಂಬರಿಯ ಓದು

ಕಾದಂಬರಿಯ ವಸ್ತು ಎಲ್ಲಿಂದಲಾದರೂ ಬರಬಹುದು. ಪುರಾಣ, ಇತಿಹಾಸ, ಸ್ವಾನುಭವ ಯಾವುದೂ ಅದಕ್ಕೆ ನಿಷಿದ್ಧವಲ್ಲ. ಆದರೂ ಆಟವೊಂದರಿಂದ ಹುಟ್ಟಿದ ಕಾದಂಬರಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಂಶಯದಿಂದಲೇ ಕೈಗೆತ್ತಿಕೊಳ್ಳುತ್ತಾರೆ. ಈ ಸಂಶಯ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಪರೀಕ್ಷಿಸಲು, ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಜೊತೆಗೂಡಿ ಬರೆದ ‘ಡ್ರ್ಯಾಗನ್ಸ್ ಆಫ್ ಆಟಮ್ ಟ್ವೈಲೈಟ್’ ಎಂಬ ಇಂಗ್ಲಿಷ್ ಕಾದಂಬರಿ ತಕ್ಕ ಉದಾಹರಣೆ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಕೃತಿ ಮೂರು ಸಂಪುಟಗಳ ಕಥಾಮಾಲೆಯ ಮೊದಲ ಭಾಗ.

ಇದರ ಹಿಂದಿರುವುದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ. ಅದರಲ್ಲಿ ಕೆಲವರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಸೋಲುಗೆಲುವನ್ನು ದಾಳ ತೀರ್ಮಾನಿಸುತ್ತದೆ. ಆಟವನ್ನು ಪ್ರಕಟಿಸುತ್ತಿದ್ದ ಸಂಸ್ಥೆಯೇ ಕಾದಂಬರಿಯನ್ನೂ ಹೊರತಂದಿತು. ಅದೇ ಕಥಾಲೋಕದಲ್ಲಿ ಆಡಬಹುದಾದ ಆಟದ ಪುಸ್ತಕಗಳನ್ನೂ ಪ್ರಕಟಿಸಿತು.

ಐದು ವರ್ಷ ಅಗಲಿದ್ದ ಗೆಳೆಯರು ಸೋಲೇಸ್ ಎಂಬ ಊರಿನ, ಮರದ ಮೇಲೆ ಕಟ್ಟಿದ ಛತ್ರದಲ್ಲಿ ಮತ್ತೆ ಕೂಡುವುದರೊಂದಿಗೆ ಕಥೆ ಮೊದಲಾಗುತ್ತದೆ. ಮಹಾಪ್ರಳಯವೊಂದರ ಬಳಿಕ ದೇವತೆಗಳು ವಿಮುಖರಾದ ಲೋಕವದು. ಗೋಲ್ಡ್‌ಮೂನ್ ಎಂಬ ಹೆಂಗಸು ರೋಗ ವಾಸಿಮಾಡುವ ನೀಲಿ ಸ್ಫಟಿಕದ ದಂಡವನ್ನು ಹಿಡಿದು ಅಲ್ಲಿಗೆ ಬರುತ್ತಾಳೆ. ಆಕೆಯೂ ಆಕೆಯ ಪ್ರಿಯಕರ ರಿವರ್‌ವಿಂಡನೂ ಸೇರಿ ಎಂಟು ಮಂದಿಯ ಪಯಣ ತೊಡಗುತ್ತದೆ. ಪಾಳುಬಿದ್ದ ನಗರ, ಡ್ರ್ಯಾಗನ್ನುಗಳ ಸೇನೆ, ಸೆರೆಯಾಳುಗಳ ಬಿಡುಗಡೆ ಇವುಗಳನ್ನು ದಾಟಿ ಕಥೆ ಒಂದು ಮದುವೆಯಲ್ಲಿ ನಿಲ್ಲುತ್ತದೆ.

ಕೃತಿಯ ದೋಷಗಳು ಮೊದಲ ಓದಿಗೇ ಕಾಣುತ್ತವೆ. ಒಂದು ಅಪಾಯದಿಂದ ಪಾರಾದೊಡನೆ ಮತ್ತೊಂದು ಅಪಾಯ ಕಾದಿರುತ್ತದೆ. ಅವೆರಡರ ನಡುವೆ ಕಾರ್ಯಕಾರಣ ಸಂಬಂಧ ಅನೇಕ ಕಡೆ ತೆಳುವಾಗಿದೆ. ನಕ್ಷೆಯ ಮೇಲೆ ಕಾಯಿ ನಡೆಸಿದಂತೆ ಪಾತ್ರಗಳು ಮುಂದೆ ಸಾಗುತ್ತವೆ. ಡ್ರ್ಯಾಗನ್ನಿನ ದಾಳಿಗೆ ಸಿಕ್ಕಿ ಸಾವಿನ ಅಂಚಿಗೆ ತಲುಪಿದ ರಿವರ್‌ವಿಂಡ್ ದೈವಕೃಪೆಯಿಂದ ಪೂರ್ಣವಾಗಿ ಚೇತರಿಸಿಕೊಳ್ಳುತ್ತಾನೆ. ಆಟದಲ್ಲಿ ಇಂಥ ಮರಳಿಕೆ ಸಹಜ. ಕಾದಂಬರಿಯಲ್ಲಿ ಮಾತ್ರ ಅದು ಸಾವಿನ ಭಾರವನ್ನೇ ಇಳಿಸಿಬಿಡುತ್ತದೆ. ಮುಂದಿನ ಗಂಡಾಂತರಕ್ಕೆ ಓದುಗ ಅಷ್ಟಾಗಿ ಅಂಜುವುದಿಲ್ಲ. ಇಲ್ಲೆಲ್ಲ ಆಟದ ನಿಯಮ ನಿಯಮವಾಗಿಯೇ ಉಳಿದಿದೆ.

ಆದರೆ ಅದೇ ನಿಯಮ ಬೇರೊಂದೆಡೆ ಜೀವ ತಳೆಯುವುದನ್ನೂ ಗಮನಿಸಬೇಕು. ಆಟದ ಆಗಿನ ನಿಯಮದಂತೆ ಮಾಂತ್ರಿಕನು ಮಂತ್ರವನ್ನು ಮೊದಲೇ ಕಂಠಸ್ಥ ಮಾಡಿಕೊಳ್ಳಬೇಕಿತ್ತು. ಪ್ರಯೋಗಿಸಿದೊಡನೆ ಅದು ಅವನ ನೆನಪಿನಿಂದ ಅಳಿಸಿಹೋಗುತ್ತಿತ್ತು. ಈ ಕಲ್ಪನೆಯಾದರೂ ಆಟದ ಸ್ವಂತದ್ದಲ್ಲ. 1950ರಲ್ಲಿ ಬಂದ ಜ್ಯಾಕ್ ವ್ಯಾನ್ಸ್‌ನ ‘ದ ಡೈಯಿಂಗ್ ಅರ್ಥ್’ ಕಥೆಗಳಿಂದ ಆಟ ಅದನ್ನು ಎರವಲು ಪಡೆಯಿತು. ಹೀಗೆ ಸಾಹಿತ್ಯದಿಂದ ಆಟಕ್ಕೆ ಹೋದದ್ದು ಆಟದಿಂದ ಸಾಹಿತ್ಯಕ್ಕೆ ಮರಳಿದೆ. ಕನ್ನಡ ವಿದ್ಯಾರ್ಥಿಗೆ ಇಲ್ಲಿ ಪರಶುರಾಮನ ಶಾಪಕ್ಕೆ ಗುರಿಯಾದ ಕರ್ಣ ನೆನಪಾಗುವುದು ಸಹಜ. ಕರ್ಣನ ಮರೆವಿಗೆ ಅವನ ಬದುಕೇ ಕಾರಣ. ಆಟದ ಮಾಂತ್ರಿಕನ ಮರೆವಿಗೆ ಕಾರಣವಾದ ಬದುಕಿಲ್ಲ. ಕಾದಂಬರಿಕಾರರು ತುಂಬಬೇಕಾದದ್ದು ಈ ಕೊರತೆಯನ್ನು.

ರೈಸ್ಟ್‌ಲಿನ್ ಎಂಬ ಯುವ ಮಾಂತ್ರಿಕನಲ್ಲಿ ಅವರು ಅದನ್ನು ತುಂಬಿದ್ದಾರೆ. ಮಂತ್ರವಿದ್ಯೆಯ ಕಠಿಣ ಪರೀಕ್ಷೆಯಲ್ಲಿ ಅವನು ತನ್ನ ಆರೋಗ್ಯವನ್ನು ತೆತ್ತಿದ್ದಾನೆ. ಮರಳುಗಡಿಯಾರದ ಆಕಾರದ ಅವನ ಕಣ್ಣಿನ ಪಾಪೆಗಳಿಗೆ ಎಲ್ಲವೂ ಬಾಡಿ ಅಳಿಯುವಂತೆ ಕಾಣುತ್ತದೆ. ಪ್ರತಿಯೊಂದು ಮಂತ್ರಪ್ರಯೋಗವೂ ಅವನನ್ನು ಕುಗ್ಗಿಸುತ್ತದೆ. ಕೆಮ್ಮಿ ಬಳಲುವ ಅವನಿಗೆ ಬಲಿಷ್ಠನಾದ ಅವಳಿ ಸೋದರ ಕ್ಯಾರಮನ್ ಆಸರೆಯಾಗುತ್ತಾನೆ. ಆ ಆಸರೆ ಅವನಿಗೆ ಬೇಕು. ಅದು ಬೇಕೆಂಬುದೇ ಅವನ ಕಹಿ. ಇಂಥವನು ಎಲ್ಲರೂ ಹೀಗಳೆಯುವ ಬೂಪು ಎಂಬ ಕುಳ್ಳ ಹೆಣ್ಣಿನ ಮೇಲೆ ಮೋಡಿ ಹಾಕಿ ಅವಳಿಂದ ಕೆಲಸ ಮಾಡಿಸಿಕೊಳ್ಳುತ್ತಾನೆ. ಆದರೆ ಅವಳೊಡನೆ ಅವನು ತೋರುವ ಮೃದುತ್ವ ಮೋಡಿಯದಲ್ಲ, ಮನಸ್ಸಿನದು. ತಿರಸ್ಕಾರದ ರುಚಿ ಕಂಡವನು ತಿರಸ್ಕೃತಳನ್ನು ಗುರುತಿಸುತ್ತಾನೆ. ಈ ಪ್ರಸಂಗವನ್ನು ಯಾವ ದಾಳವೂ ನಿರ್ಣಯಿಸಲಾರದು.

ನಿಯಮಕ್ಕೆ ಬದ್ಧವಾದ ರಚನೆ ಕನ್ನಡಕ್ಕೆ ಹೊಸದೇನಲ್ಲ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದ ಹದಿನೆಂಟು ವರ್ಣನೆಗಳಿರಬೇಕೆಂಬ ಲಕ್ಷಣವನ್ನು ಚಂಪೂಕವಿಗಳು ಗೌರವಿಸಿದರು. ಅನೇಕ ಕಾವ್ಯಗಳಲ್ಲಿ ಅವು ಸಲ್ಲಿಸಬೇಕಾದ ಕಂದಾಯದಂತೆ ಬಂದಿವೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಾದರೋ ತೀರ್ಥಯಾತ್ರೆಗೆ ಹೊರಟ ಅರ್ಜುನ ಬನವಾಸಿಯನ್ನು ಕಂಡಾಗ ವರ್ಣನೆಯು ಲಕ್ಷಣದ ಪೂರೈಕೆಯಾಗಿ ನಿಲ್ಲದೆ ನೆಲದ ಹಂಬಲವಾಗುತ್ತದೆ. ಈ ಎರಡು ಕೃತಿಗಳ ಕಾವ್ಯಗುಣವನ್ನು ಸಮಾನವೆಂದು ಎಣಿಸಬೇಕಿಲ್ಲ. ಆದರೆ ಎರಡಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಹೊರಗಿನಿಂದ ಬಂದ ನಿಯಮ ಒಳಗಿನ ಅಗತ್ಯವಾಯಿತೆ?

ಈ ಪ್ರಶ್ನೆಯಿಂದ ಅಳೆದಾಗ ‘ಡ್ರ್ಯಾಗನ್ಸ್ ಆಫ್ ಆಟಮ್ ಟ್ವೈಲೈಟ್’ ಸಮವಲ್ಲದ, ಆದರೆ ಓದತಕ್ಕ ಕೃತಿಯಾಗಿ ನಿಲ್ಲುತ್ತದೆ. ಅದರ ಕಥಾಸಂವಿಧಾನ ಆಟಕ್ಕೆ ಋಣಿಯಾಗಿಯೇ ಉಳಿದಿದೆ. ಅದರ ಅತ್ಯುತ್ತಮ ಪಾತ್ರ ಆ ಋಣವನ್ನು ತೀರಿಸಿದೆ. ಆಟದಿಂದ ಬಂದದ್ದೆಂಬ ಕಾರಣಕ್ಕೆ ಕೃತಿಯನ್ನು ತಳ್ಳಿಹಾಕುವವರಿಗೆ ರೈಸ್ಟ್‌ಲಿನ್ ಕಾಣುವುದಿಲ್ಲ. ರೋಚಕವೆಂಬ ಕಾರಣಕ್ಕೆ ಮೆಚ್ಚುವವರಿಗೆ ಅದರ ಸಡಿಲ ಹೆಣಿಗೆ ಕಾಣುವುದಿಲ್ಲ. ಮೂಲವನ್ನು ವಿಚಾರಿಸುವುದು ವಿಮರ್ಶೆಯ ಆರಂಭ ಮಾತ್ರ. ಮೂಲದಿಂದ ಕೃತಿ ಎಷ್ಟು ದೂರ ನಡೆದಿದೆ ಎಂಬುದನ್ನು ಅಳೆದಾಗಲೇ ಆ ಕೆಲಸ ಪೂರ್ಣವಾಗುತ್ತದೆ.