ಅಮೃತೂರಿನಿಂದ ಯುರೋಪಿಗೆ ಬಹುಮಾನ: ಗಿಫ್ಟ್ ಕಾರ್ಡ್ ಕಳಿಸುವ ಕ್ರಮ

ರಾಜ್ಯೋತ್ಸವ ಬಂತೆಂದರೆ ಊರೂರಿನ ಗೆಳೆಯರ ಬಳಗಗಳು ಆನ್‌ಲೈನ್‌ನಲ್ಲಿ ಪ್ರಬಂಧ, ಕಂಠಪಾಠ, ರಸಪ್ರಶ್ನೆ ಸ್ಪರ್ಧೆ ಇಡುತ್ತವೆ. ಅಮೃತೂರು, ಕುಣಿಗಲ್, ಗುಬ್ಬಿ ಕಡೆಯಿಂದ ಓದಿ ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್ ಸೇರಿದವರ ಮಕ್ಕಳಿಗೂ ಇಂಥ ಸ್ಪರ್ಧೆಯ ಬಾಗಿಲು ತೆರೆದಿದೆ. ಆದರೆ ಗೆದ್ದ ಮಗುವಿಗೆ ಬಹುಮಾನ ತಲುಪಿಸುವುದು ಹೇಗೆ? ಪಾರ್ಸೆಲ್ ಕಳಿಸಿದರೆ ಸಾಗಣೆ ಖರ್ಚೇ ಬಹುಮಾನವನ್ನು ಮೀರಬಹುದು. ಕಸ್ಟಮ್ಸ್ ತಪಾಸಣೆಯೂ ಇದೆ. ಇ-ಮೇಲ್‌ನಲ್ಲಿ ಹೋಗುವ ಡಿಜಿಟಲ್ ಗಿಫ್ಟ್ ಕಾರ್ಡ್ ಸುಲಭದ ದಾರಿ. ಕ್ರಮ ತಪ್ಪಿದರೆ ಮಾತ್ರ ದುಡ್ಡು ಹೋಗುತ್ತದೆ, ಮಗುವಿನ ಕೈಗೆ ಏನೂ ಸಿಗುವುದಿಲ್ಲ.

1. ಮೊದಲು ದೇಶ ಕೇಳಿ, ಆಮೇಲೆ ಮೊತ್ತ

ಗಿಫ್ಟ್ ಕಾರ್ಡ್‌ಗೆ ದೇಶದ ಗಡಿ ಇದೆ. ಅಮೆಜಾನ್‌ನ ಭಾರತದ ತಾಣದಲ್ಲಿ ಕೊಂಡ ಕಾರ್ಡ್ ಜರ್ಮನಿಯ ತಾಣದಲ್ಲಿ ನಡೆಯುವುದಿಲ್ಲ. ಜರ್ಮನಿಯದು ಬ್ರಿಟನ್‌ನಲ್ಲಿ ನಡೆಯುವುದಿಲ್ಲ. ಆದ್ದರಿಂದ ಸ್ಪರ್ಧೆಗೆ ಹೆಸರು ಬರೆಸಿಕೊಳ್ಳುವಾಗಲೇ ವಾಸವಿರುವ ದೇಶ, ಪೋಷಕರ ಇ-ಮೇಲ್, ಅವರು ಸಾಮಾನ್ಯವಾಗಿ ಕೊಳ್ಳುವ ಅಂಗಡಿ ಇಷ್ಟನ್ನು ಕೇಳಿಟ್ಟುಕೊಳ್ಳಿ. ವಿಜೇತರು ಹಲವು ದೇಶಗಳಲ್ಲಿ ಹಂಚಿಹೋಗಿದ್ದರೆ, ಒಂದು ಲಿಂಕ್ ಕಳಿಸಿ ಅಂಗಡಿಯ ಆಯ್ಕೆಯನ್ನು ಅವರಿಗೇ ಬಿಡುವ ಸೇವೆಗಳೂ ಇವೆ. ಅಲ್ಲಿ ಹಣ ಕಟ್ಟುವ ಮೊದಲು ಆ ದೇಶದ ಪಟ್ಟಿಯಲ್ಲಿ ಯಾವ ಅಂಗಡಿಗಳಿವೆ, ಸೇವಾ ಶುಲ್ಕ ಎಷ್ಟು ಎಂದು ನೋಡಿ.

2. ಯುರೋಪೆಲ್ಲ ಯೂರೋ ಅಲ್ಲ

2026ರ ಜನವರಿ 1ರಂದು ಬಲ್ಗೇರಿಯಾ ಯೂರೋ ವಲಯಕ್ಕೆ ಸೇರಿದ ಮೇಲೆ ಐರೋಪ್ಯ ಒಕ್ಕೂಟದ 21 ದೇಶಗಳಲ್ಲಿ ಯೂರೋ ಚಲಾವಣೆಯಲ್ಲಿದೆ. ಸ್ವೀಡನ್, ಡೆನ್ಮಾರ್ಕ್, ಪೋಲೆಂಡ್, ಜೆಕ್ ಗಣರಾಜ್ಯ, ಹಂಗೇರಿ, ರುಮೇನಿಯಾ ಒಕ್ಕೂಟದಲ್ಲಿದ್ದರೂ ತಮ್ಮದೇ ನಾಣ್ಯ ಉಳಿಸಿಕೊಂಡಿವೆ. ಬ್ರಿಟನ್‌ನಲ್ಲಿ ಪೌಂಡ್, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಫ್ರಾಂಕ್, ನಾರ್ವೆಯಲ್ಲಿ ಕ್ರೋನ್. ಒಂದೇ ಸ್ಥಾನ ಗೆದ್ದ ಇಬ್ಬರು ಬೇರೆ ಬೇರೆ ದೇಶದಲ್ಲಿದ್ದರೆ ಮೊದಲು ರೂಪಾಯಿಯಲ್ಲಿ ಮೊತ್ತ ನಿಗದಿ ಮಾಡಿ, ಅಲ್ಲಿನ ನಾಣ್ಯಕ್ಕೆ ಆಮೇಲೆ ಪರಿವರ್ತಿಸಿ.

3. ನಿಮ್ಮ ಬ್ಯಾಂಕ್ ಕಾರ್ಡ್ ಸಿದ್ಧವಿದೆಯೇ?

ವಿದೇಶಿ ತಾಣಗಳಲ್ಲಿ ಯುಪಿಐ ಸಾಮಾನ್ಯವಾಗಿ ನಡೆಯದು. ಅಂತರರಾಷ್ಟ್ರೀಯ ಬಳಕೆಯ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ಈ ಸೌಲಭ್ಯವನ್ನು ಗ್ರಾಹಕರೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಬೇಕಾದಷ್ಟೇ ಮಿತಿ ಇಡಿ, ಕೆಲಸ ಮುಗಿದೊಡನೆ ಆಫ್ ಮಾಡಿ. ಕೆಲವು ವಿದೇಶಿ ತಾಣಗಳು ಒಟಿಪಿ ಕೇಳದೆಯೇ ಹಣ ಕಡಿತ ಮಾಡುವುದರಿಂದ ಈ ಎಚ್ಚರ ಬೇಕೇ ಬೇಕು.

ಬಳಗ ಸಂಘವಾಗಿ ನೋಂದಣಿಯಾಗಿದ್ದರೆ ಇನ್ನೊಂದು ಮಾತು. ವ್ಯಕ್ತಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಲು ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ ಟ್ರಸ್ಟ್, ಪಾಲುದಾರಿಕೆ ಸಂಸ್ಥೆ, ಕಂಪನಿಗಳಿಗೆ ಅನ್ವಯಿಸುವುದಿಲ್ಲ. ಸಂಘದ ಖಾತೆಯಿಂದ ಖರ್ಚು ಮಾಡುವ ಮೊದಲು ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ.

4. ನಿಜವಾದ ಖರ್ಚಿನ ಲೆಕ್ಕ

ಗಿಫ್ಟ್ ಕಾರ್ಡಿನ ಮುಖಬೆಲೆಯ ಮೇಲೆ ಬ್ಯಾಂಕು ವಿದೇಶಿ ವಿನಿಮಯ ಶುಲ್ಕ ಹಾಕುತ್ತದೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಲೆಕ್ಕಕ್ಕೆ ಒಂದು ಯೂರೋ 100 ರೂಪಾಯಿ ಎಂದಿಟ್ಟುಕೊಳ್ಳಿ. 25 ಯೂರೋ ಕಾರ್ಡಿಗೆ 2,500 ರೂಪಾಯಿ. ಶುಲ್ಕ ಶೇ 3.5 ಆದರೆ 87.50, ಅದರ ಮೇಲಿನ ಜಿಎಸ್‌ಟಿ 15.75. ಒಟ್ಟು 2,603.25 ರೂಪಾಯಿ. ಚಂದಾ ಎತ್ತುವಾಗಲೇ ಈ ಹೆಚ್ಚುವರಿಯನ್ನು ಸೇರಿಸಿಕೊಳ್ಳಿ.

5. ಫಾರಂ ತುಂಬುವಾಗ

ಅಮೆಜಾನ್‌ನ ಜರ್ಮನ್ ತಾಣದಲ್ಲಿ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು. ಅಂಕಿಗಳ ಮೇಲೆ ಕಣ್ಣಿಡಿ: ಜರ್ಮನಿ, ಫ್ರಾನ್ಸ್, ಇಟಲಿಯಲ್ಲಿ ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. 25,00 ಎಂದರೆ ಇಪ್ಪತ್ತೈದು ಯೂರೋ, ಎರಡೂವರೆ ಸಾವಿರವಲ್ಲ.

ಇ-ಮೇಲ್ ವಿಳಾಸವನ್ನು ಬೆರಳಚ್ಚು ಮಾಡದೆ ಪೋಷಕರು ಕಳಿಸಿದ ಸಂದೇಶದಿಂದಲೇ ಕಾಪಿ ಮಾಡಿ. ತಪ್ಪು ವಿಳಾಸಕ್ಕೆ ಹೋದ ಕಾರ್ಡನ್ನು ಯಾರಾದರೂ ಬಳಸಿಬಿಟ್ಟರೆ ಹಣ ವಾಪಸು ಬರುವುದು ಕಷ್ಟ. ಸಂದೇಶದ ಜಾಗದಲ್ಲಿ ಮಗುವಿನ ಹೆಸರು, ಸ್ಪರ್ಧೆ, ಸ್ಥಾನವನ್ನು ಕನ್ನಡದಲ್ಲೇ ಬರೆಯಿರಿ. ಕಳಿಸುವ ಮೊದಲು ಪ್ರಿವ್ಯೂ ನೋಡಿ, ಅಕ್ಷರಗಳ ಬದಲು ಚೌಕಗಳು ಕಂಡರೆ ಅಭಿನಂದನೆಯನ್ನು ಬೇರೆ ಇ-ಮೇಲ್‌ನಲ್ಲಿ ಕಳಿಸಿ.

ಕಳಿಸುವ ಹೊತ್ತನ್ನೂ ನೋಡಿಕೊಳ್ಳಿ: ನವೆಂಬರ್‌ನಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಕಳಿಸಿದರೆ ಅಲ್ಲಿ ಬೆಳಗ್ಗೆ ಒಂಬತ್ತೂವರೆ.

6. ವಿವರಗಳ ಗೌಪ್ಯತೆ

ಐರೋಪ್ಯ ಒಕ್ಕೂಟದಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು, ಜಿಡಿಪಿಆರ್, 2018ರ ಮೇ 25ರಿಂದ ಜಾರಿಯಲ್ಲಿದೆ. ಬಹುಮಾನಕ್ಕೆಂದು ಪಡೆದ ಇ-ಮೇಲ್ ಬಹುಮಾನಕ್ಕಷ್ಟೇ ಬಳಕೆಯಾಗಲಿ. ವಿಜೇತರ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ಇ-ಮೇಲ್, ವಿಳಾಸ ತೆಗೆದುಹಾಕಿ. ಮಗುವಿನ ಫೋಟೊ ಪ್ರಕಟಿಸಲು ಪೋಷಕರ ಒಪ್ಪಿಗೆ ಪಡೆಯಿರಿ.

7. ತಲುಪಿತೇ ಎಂದು ಕೇಳಿ

ಇ-ಮೇಲ್ ಬಾರದಿದ್ದರೆ ಸ್ಪ್ಯಾಮ್, ಜಂಕ್ ಪೆಟ್ಟಿಗೆ ನೋಡಲು ಹೇಳಿ. ಕಾರ್ಡ್ ಅವರ ಖಾತೆಗೆ ಸೇರುವವರೆಗೂ ಆರ್ಡರ್ ಸಂಖ್ಯೆ, ರಸೀದಿ ಜೋಪಾನವಾಗಿರಲಿ. ಐರ್ಲೆಂಡ್‌ನಲ್ಲಿ ಗಿಫ್ಟ್ ವೋಚರ್‌ಗೆ ಕನಿಷ್ಠ ಐದು ವರ್ಷದ ಅವಧಿ ಇರಬೇಕೆಂಬ ಕಾನೂನು 2019ರಲ್ಲಿ ಬಂದಿದೆ. ಎಲ್ಲ ದೇಶಗಳಲ್ಲೂ ಹೀಗಿಲ್ಲ, ಬೇಗ ಬಳಸಿಕೊಳ್ಳಲು ತಿಳಿಸಿ.

8. ಮೋಸಕ್ಕೆ ಬೀಳಬೇಡಿ

ಕಾರ್ಡಿನ ಕೋಡ್ ನಗದಿಗೆ ಸಮ. ಅದನ್ನು ಫೋನಿನಲ್ಲಿ ಹೇಳಬೇಡಿ, ಸ್ಕ್ರೀನ್‌ಶಾಟ್ ಹಂಚಬೇಡಿ. ಪರಿಚಿತರ ಹೆಸರಿನಲ್ಲಿ ‘ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ಕೋಡ್ ಕಳಿಸಿ’ ಎಂದು ಸಂದೇಶ ಬಂದರೆ ಅವರಿಗೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯಿಂದ ಹೊರಗೆ ಕನ್ನಡವೇ ಕಿವಿಗೆ ಬೀಳದ ಊರಿನಲ್ಲಿ ಬೆಳೆಯುತ್ತ ಕನ್ನಡದ ಪದ್ಯ ಬಾಯಿಪಾಠ ಮಾಡಿದ ಮಗುವಿಗೆ ಸಲ್ಲುವ ಗೌರವ ಇದು. ಕಾರ್ಡ್ ನಡೆಯಲಿಲ್ಲ ಎಂಬ ಕಾರಣಕ್ಕೆ ಅದು ಕೆಡಬಾರದು. ಸ್ಪರ್ಧೆ ಘೋಷಿಸುವ ಮುನ್ನ ಬಳಗದ ಒಬ್ಬರು ಕಡಿಮೆ ಮೊತ್ತದ ಒಂದು ಕಾರ್ಡನ್ನು ಅಲ್ಲಿನ ಪರಿಚಿತರಿಗೆ ಕಳಿಸಿ ಪರೀಕ್ಷಿಸಲಿ. ಅದು ನಡೆದ ಮೇಲೆ ಉಳಿದವನ್ನು ಕಳಿಸಿ.