ಆಡಿಟರ್ ಆಫೀಸಿಗೆ ಇಂಟರ್ನೆಟ್ ಫೋನ್: ರೂಟರ್ ಕೊಳ್ಳೋ ಮುಂಚೆ ಒಂದಿಷ್ಟು ಲೆಕ್ಕ

ಪರೀಕ್ಷೆಗೆ ನಾವೆಲ್ಲ ಹೆಡರ್ ಸೈಜ್‌ಗಳನ್ನು ಬಾಯಿಪಾಠ ಮಾಡ್ತೀವಲ್ಲ, ಅವು ನಿಜವಾಗಿ ಕೆಲಸಕ್ಕೆ ಬರೋ ಒಂದು ಲೆಕ್ಕ ನೋಡೋಣ. ಒಂದು ಆಡಿಟರ್ ಆಫೀಸು ಅಂದುಕೊಳ್ಳಿ. ಹತ್ತು ಐಪಿ ಫೋನು, ಹತ್ತು ಕಂಪ್ಯೂಟರು, ಒಂದೇ ಇಂಟರ್ನೆಟ್ ಲೈನು. ಡೌನ್‌ಲೋಡ್ 20 ಎಂಬಿಪಿಎಸ್, ಅಪ್‌ಲೋಡ್ ಬರೀ 2.

ಒಂದು ಕರೆಗೆ ಎಷ್ಟು ಬೇಕು? ಜಿ.711 ಕೋಡೆಕ್‌ನಲ್ಲಿ ಸೆಕೆಂಡಿಗೆ 8000 ಸ್ಯಾಂಪಲ್, ಒಂದೊಂದಕ್ಕೆ 8 ಬಿಟ್. ಅಂದರೆ 64 ಕೆಬಿಪಿಎಸ್. ಆದರೆ ದನಿ ಒಂಟಿಯಾಗಿ ಹೋಗಲ್ಲ. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಟ್ಟಿದರೆ ಅದರಲ್ಲಿ ದನಿ 160 ಬೈಟ್. ಜೊತೆಗೆ ಆರ್‌ಟಿಪಿ 12, ಯುಡಿಪಿ 8, ಐಪಿ 20, ಈಥರ್ನೆಟ್ 18. ಒಟ್ಟು 218 ಬೈಟ್, ಸೆಕೆಂಡಿಗೆ 50 ಸಲ. ಒಂದು ದಿಕ್ಕಿಗೇ 87.2 ಕೆಬಿಪಿಎಸ್ ಆಯ್ತು. (ಜಿ.729ರಲ್ಲಿ ದನಿ 8ಕ್ಕೆ ಇಳಿದರೂ ತಂತಿ ಮೇಲೆ 31.2 ಆಗತ್ತೆ. ಕುದುರೆಗಿಂತ ಜೀನೇ ಭಾರ!)

ಹತ್ತೂ ಫೋನು ಒಟ್ಟಿಗೆ ನಡೆದರೂ 872 ಕೆಬಿಪಿಎಸ್, ಅಪ್‌ಲೋಡಿನ ಅರ್ಧಕ್ಕೂ ಕಡಿಮೆ. ಬಹಳ ಜನ ಇಲ್ಲಿಗೇ ಪೆನ್ನು ಮುಚ್ಚಿಡ್ತಾರೆ. ಆದರೆ ಗಿರಾಕಿ "ಹಲೋ, ಹಲೋ, ಕಟ್ ಆಗ್ತಿದೆ ಸಾರ್" ಅನ್ನೋದು ಇಲ್ಲಿಂದ ಮುಂದೆಯೇ.

ರಿಟರ್ನ್ ಫೈಲ್ ಮಾಡೋ ಗಡಿಬಿಡಿಯ ದಿನ. ಯಾರೋ 50 ಎಂಬಿ ಸ್ಕ್ಯಾನ್ ಅಪ್‌ಲೋಡ್‌ಗೆ ಹಾಕ್ತಾರೆ. ಟಿಸಿಪಿ ಸ್ವಭಾವವೇ ಬಫರ್ ತುಂಬೋವರೆಗೂ ತಳ್ಳೋದು. ಮೋಡೆಮ್‌ನಲ್ಲಿ 256 ಕೆಬಿ ಬಫರ್ ಇದ್ದರೆ, ಅದು 2 ಎಂಬಿಪಿಎಸ್‌ನಲ್ಲಿ ಖಾಲಿಯಾಗೋಕೆ ಒಂದು ಸೆಕೆಂಡು ಬೇಕು. ದನಿಯ ಪುಟ್ಟ ಪ್ಯಾಕೆಟ್ ಅಷ್ಟು ಹೊತ್ತು ಹಿಂದೆ ನಿಂತಿರತ್ತೆ, ಟೋಲ್ ಗೇಟಲ್ಲಿ ಲಾರಿಗಳ ಹಿಂದೆ ಸಿಕ್ಕಿದ ಆಂಬುಲೆನ್ಸ್ ಥರ. ಐಟಿಯು ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೇದು.

ಹಾಗಾಗಿ ದನಿಗೆ ಆದ್ಯತೆ ಕೊಡಬೇಕು. ಫೋನುಗಳು ಪ್ಯಾಕೆಟ್ ಮೇಲೆ ಡಿಎಸ್‌ಸಿಪಿ 46 ಅಂತ ಗುರುತು ಹಾಕ್ತವೆ. ರೂಟರ್ ಅದನ್ನು ಮೊದಲು ಬಿಡಬೇಕು. ಆದರೆ ಒಂದು ಸೂಕ್ಷ್ಮ ಇದೆ: ಸಾಲು ಕಟ್ಟೋದು ಮೋಡೆಮ್‌ನಲ್ಲಾದರೆ ರೂಟರ್ ಕೊಟ್ಟ ಆದ್ಯತೆಗೆ ಬೆಲೆಯೇ ಇಲ್ಲ. ಅದಕ್ಕೇ ರೂಟರ್‌ನ ಅಪ್‌ಲೋಡ್ ಮಿತಿಯನ್ನು ಬೇಕಂತಲೇ 1.8ಕ್ಕೆ ಇಳಿಸ್ತೀವಿ. ಆಗ ಸಾಲು ನಮ್ಮ ಕೈಯಲ್ಲೇ ಇರತ್ತೆ. ಆಗಲೇ ಹೊರಟ 1500 ಬೈಟಿನ ಪ್ಯಾಕೆಟ್ ಒಂದಕ್ಕೆ ದನಿ ಕಾದರೂ 7 ಮಿಲಿಸೆಕೆಂಡಿನೊಳಗೆ ಮುಗೀತು. ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾದ ರೂಟರ್ ಆದರೆ ಎಸ್‌ಕ್ಯುಎಂ ಅನ್ನೋ ಪ್ಯಾಕೇಜ್ ಈ ಕೆಲಸಕ್ಕೇ ಇದೆ. ದುಬಾರಿ ಪ್ಲಾನಿಗಿಂತ ಇದೇ ವಾಸಿ ಅನ್ನೋದು ನಮ್ಮ ಅಭಿಪ್ರಾಯ.

ರೂಟರ್ ಮೆನುವಿನಲ್ಲಿ ಎಸ್‌ಐಪಿ ಎಎಲ್‌ಜಿ ಅಂತ ಇದ್ದರೆ ಸಾಮಾನ್ಯವಾಗಿ ಆಫ್ ಮಾಡೋದೇ ಒಳ್ಳೇದು. ಸಂದೇಶದೊಳಗಿನ ವಿಳಾಸ ತಿದ್ದೋಕೆ ಹೋಗಿ ಎಷ್ಟೋ ಸಲ ಒಂದೇ ಕಡೆಯ ದನಿ ಕೇಳೋ ಹಾಗೆ ಮಾಡಿಬಿಡತ್ತೆ.

ಇನ್ನು ಕರೆಂಟು. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರ್ತಿತ್ತು. ಐಪಿ ಫೋನಿಗೆ ಆ ಭಾಗ್ಯ ಇಲ್ಲ. ಮೋಡೆಮ್, ರೂಟರ್, ಫೋನುಗಳಿಗೆ ವಿದ್ಯುತ್ ಕೊಡೋ ಪಿಒಇ ಸ್ವಿಚ್, ಈ ಮೂರೂ ಯುಪಿಎಸ್ ಮೇಲಿರಲಿ. ಎಲ್ಲ ಜೋಡಿಸಿದ ಮೇಲೆ ದೊಡ್ಡ ಫೈಲೊಂದನ್ನು ಅಪ್‌ಲೋಡ್‌ಗೆ ಬಿಟ್ಟು, ಅದು ಓಡ್ತಿರುವಾಗಲೇ ಒಂದು ಕರೆ ಮಾಡಿ ಐದು ನಿಮಿಷ ಮಾತಾಡಿ ನೋಡಿ.